ಇಪ್ಪತ್ನಾಲ್ಕು ಬಾಗಿಲುಗಳ ಗಣತಿ

ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಅಡುಗೆಮನೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದೆ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜ ಬಾಗಿಲು ತಟ್ಟಿ ಲೋಕ ಮುಳುಗುವ ಸುದ್ದಿ ತಂದ. ನಮ್ಮ ಬೀದಿಯ ಕೊನೆಯ ಶಾಲೆಯ ಮಗ್ಗುಲಿಗೆ ಆಗಲೇ ಒಂದು ಫ್ಲ್ಯಾಟುಗಳ ಕಟ್ಟಡ ಎದ್ದು ಜನ ಬಂದಿದ್ದರು. ಅದರ ಹಿಂದೆ ಇನ್ನೊಂದು ಏಳುತ್ತದಂತೆ. ಮಕ್ಕಳು ತುಂಬುತ್ತಾರೆ, ಶಾಲೆಗೆ ಹೊಸ ಕೋಣೆ ಕಟ್ಟಬೇಕು, ಕಸ ಹೆಚ್ಚುತ್ತದೆ, ಎಲ್ಲ ಖರ್ಚೂ ನಾವು ಕಟ್ಟುವ ಕೌನ್ಸಿಲ್ ತೆರಿಗೆಯ ಮೇಲೆ ಬೀಳುತ್ತದೆ, ಬೇಡವೆಂದು ಇಲ್ಲಿ ಸಹಿ ಮಾಡಿ ಎಂದ.

ನನಗೆ ತೆರಿಗೆಗಿಂತ ದೊಡ್ಡ ಚಿಂತೆ ನಮ್ಮ ಮಗ ಪವನನದು. ಬರುವ ಸೆಪ್ಟೆಂಬರಿಗೆ ಅವನು ಶಾಲೆಗೆ ಸೇರಬೇಕು. ಇಲ್ಲಿ ಶಾಲೆಗೆ ಹತ್ತಿರ ಇದ್ದವರಿಗೆ ಮೊದಲು ಸೀಟು. ಬೀದಿಯ ಕೊನೆಯ ಆ ಶಾಲೆ ತಪ್ಪಿದರೆ ಮುಂದಿನದಕ್ಕೆ ಎರಡು ಬಸ್ಸು ಹತ್ತಬೇಕು. ನನಗೆ ಕಾರು ಓಡಿಸಲು ಬರುವುದಿಲ್ಲ, ಬಗಲಲ್ಲಿ ಆರು ತಿಂಗಳ ಕೂಸು ಬೇರೆ. ಸಹಿ ಮಾಡಲು ಕೈ ಒರೆಸಿಕೊಂಡೆ.

"ತಡೀ," ಅಂದರು ಅತ್ಯಾ ಒಳಗಿನಿಂದ. "ಎಣಸದ ಸಹಿ ಮಾಡಬ್ಯಾಡ."

ಅತ್ಯಾ ಎಂದರೆ ನಮ್ಮವರ ಸೋದರತ್ತೆ. ಇವರ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಸಾಕ್ಷಾತ್ ವಿಷ್ಣುವೇ ಎದುರಿಗೆ ಕೂತು ಸಹಸ್ರನಾಮ ಹೇಳಿದರೂ, ಒಂದು ಕಡಿಮೆ ಬಿತ್ತಲ್ಲ ಎನ್ನುವ ಪೈಕಿ! ಧಾರವಾಡದಲ್ಲಿ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವರು. ಅಲ್ಲಿ ಕಲಿಸುವುದು ಅರ್ಧ ಕೆಲಸ, ಎಣಿಸುವುದು ಇನ್ನರ್ಧ. ಜನಗಣತಿ, ಬೇಸಿಗೆಯ ಬಿಸಿಲಲ್ಲಿ ಶಾಲೆಗೆ ಬಾರದ ಮಕ್ಕಳ ಗಣತಿ, ನಡುವೆ ಎಮ್ಮೆಗಳದೂ. ನಿವೃತ್ತರಾಗಿ ನಮ್ಮ ಜೊತೆ ಇರಲು ಬಂದರೂ ಆ ಚಟ ಹೋಗಲಿಲ್ಲ. ಟ್ಯೂಬ್ ರೈಲಿನಲ್ಲಿ ಕೂತರೆ ಡಬ್ಬಿಯಲ್ಲಿ ಎಷ್ಟು ತಲೆ ಎಂದು ನೋಡುತ್ತಾರೆ. ಒಮ್ಮೆ ದೇವಸ್ಥಾನದಲ್ಲಿ, "ಭಟ್ಟರ, ಪ್ರಸಾದ ಹದಿಮೂರು ಮಂದಿಗೆ ಕಡಿಮಿ ಬೀಳ್ತದ," ಅಂದರು. ಬಿತ್ತು. ಆ ಹದಿಮೂರರಲ್ಲಿ ನಮ್ಮವರೂ ಒಬ್ಬರು.

ಮರುದಿನ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಬೂಟು, ಕೈಯಲ್ಲಿ ಎಣಿಕೆ ಬರೆಯುವ ವಹಿ, ಒಂದು ಡಬ್ಬಿ ಚಕ್ಕುಲಿ. ಫ್ಲ್ಯಾಟುಗಳತ್ತ ಅತ್ಯಾರ ಸವಾರಿ ಹೊರಟಿತು. ಸಂಜೆಗೆ ಆ ಕಟ್ಟಡದ ಕೇರ್‌ಟೇಕರ್ ನಮ್ಮ ಬಾಗಿಲಲ್ಲಿ! ಮುಖ ಬಿಳುಚಿಕೊಂಡಿತ್ತು. ಯಾರೋ ಎಲ್ಲ ಬಾಗಿಲುಗಳ ಮೇಲೂ ಗೂಢ ಗುರುತು ಬರೆದಿದ್ದಾರೆ, ಕಳ್ಳರು ಮನೆ ನೋಡಿ ಹೋಗಿದ್ದಾರೆಂದು ಜನ ಹೆದರಿದ್ದಾರೆ ಎಂದ. ನಮ್ಮ ಮನೆ ಹುಡುಕಲು ಅವನಿಗೇನೂ ಕಷ್ಟವಾಗಿರಲಿಲ್ಲ. ಅತ್ಯಾ ಪ್ರತಿ ಮನೆಗೂ ಚಕ್ಕುಲಿಯ ಜೊತೆ ವಿಳಾಸ ಕೊಟ್ಟು ಚಹಾಕ್ಕೆ ಕರೆದಿದ್ದರು.

ಗೂಢ ಗುರುತು ಎಂದರೆ ಸೀಮೆಸುಣ್ಣದಲ್ಲಿ ಬರೆದ ನಮ್ಮ ಕನ್ನಡದ ಅಂಕಿಗಳು.

"ಗಣತಿ ಆದ ಮನಿಗೆ ನಂಬರು ಹಾಕಬೇಕು. ಇಲ್ಲಂದ್ರ ಎರಡು ಸಲ ಎಣಿಸಿಬಿಡ್ತೀವಿ," ಅಂದರು ಅತ್ಯಾ.

"ಇದು ಲಂಡನ್ ಅದರೀ ಅತ್ಯಾ."

"ಯಾಕ, ಲಂಡನ್ನಿನ್ಯಾಗ ಎರಡು ಸಲ ಎಣಿಸಿದ್ರ ನಡೀತದೇನು?"

ಒದ್ದೆ ಬಟ್ಟೆ ಹಿಡಿದು ಇಪ್ಪತ್ನಾಲ್ಕು ಬಾಗಿಲು ಒರೆಸಿ ಬಂದೆ. ಊರಿನಲ್ಲಾದರೆ ಕೆಂಪು ಬಣ್ಣದಲ್ಲೇ ಬರೆಯುತ್ತಿದ್ದರು. ಸೀಮೆಸುಣ್ಣ ಹಿಡಿಯುವ ಬುದ್ಧಿ ಕೊಟ್ಟದ್ದು ರಾಯರ ದಯೆ.

ಆಮೇಲೆ ಚರ್ಚಿನ ಹಾಲಿನಲ್ಲಿ ಕೌನ್ಸಿಲಿನವರು ಹೊಸ ಕಟ್ಟಡದ ಬಗ್ಗೆ ಸಭೆ ಕರೆದರು. ಪಕ್ಕದ ಮನೆಯ ಅಜ್ಜ ಎದ್ದು ಮಕ್ಕಳ ಮಹಾಪೂರವನ್ನು ವರ್ಣಿಸಿದ. ಅತ್ಯಾ ವಹಿ ತೆರೆದು ನಿಂತರು. "ಟ್ವೆಂಟಿ ಫೋರ್ ಡೋರ್ಸ್. ಫೈವ್ ಚಿಲ್ಡ್ರನ್. ಫೋರ್ ಇನ್ ಕ್ರೇಡಲ್, ಒನ್ ಫಾರ್ ಸ್ಕೂಲ್." ಉಳಿದವರು ಆಸ್ಪತ್ರೆಯ ನರ್ಸುಗಳು, ಅಕ್ಸ್‌ಬ್ರಿಡ್ಜಿನ ಯೂನಿವರ್ಸಿಟಿಗೆ ಓದಲು ಹೋಗುವವರು, ಒಂಟಿ ಮುದುಕರು. ಹೋಲಿಸಲು ನಮ್ಮ ಬೀದಿಯ ಇಪ್ಪತ್ನಾಲ್ಕು ಮನೆಗಳನ್ನೂ ಎಣಿಸಿದ್ದರು, ಅಲ್ಲಿ ಮೂವತ್ತೊಂದು ಮಕ್ಕಳು. "ಯುವರ್ ಹೌಸ್, ತ್ರೀ," ಎಂದು ಅಜ್ಜನ ಮೊಮ್ಮಕ್ಕಳನ್ನೂ ಓದಿದರು. ಸಭೆ ನಕ್ಕಿತು. ಕಸದ ಗಾಡಿ ನಮ್ಮ ಬೀದಿಯಲ್ಲಿ ಮನೆಮನೆಗೆ ನಿಲ್ಲುತ್ತದೆ, ಫ್ಲ್ಯಾಟಿನ ಮುಂದೆ ಒಂದೇ ದೊಡ್ಡ ತೊಟ್ಟಿ, ಒಂದೇ ನಿಲುಗಡೆ. ಹಾಗಿದ್ದರೆ ಯಾರ ಖರ್ಚು ಯಾರ ಮೇಲೆ ಎಂದು ಕೇಳಿದರು. ಕೌನ್ಸಿಲಿನವ ವಹಿ ಇಸಿದುಕೊಂಡು ನಕಲು ಮಾಡಿಕೊಂಡ. ಅಜ್ಜ ಮನೆಗೆ ಬರುವಾಗ, "ನಿಮ್ಮ ಆಂಟಿ ನಮ್ಮ ಪರವಾಗಿ ಎಣಿಸಬಾರದಿತ್ತೇ?" ಎಂದ. ನನಗಂತೂ ಜೀವ ತಣ್ಣಗಾಯಿತು. ಒಂದೇ ಮಗು ಎಂದ ಮೇಲೆ ಪವನನ ಸೀಟಿಗೇನು ಭಯ?

ವಸಂತದಲ್ಲಿ ಕಾಗದ ಬಂತು. ಬೀದಿಯ ಶಾಲೆಯಲ್ಲಿ ನಿಮಗಿಂತ ಹತ್ತಿರದವರಿಂದ ಸೀಟುಗಳು ತುಂಬಿವೆ, ನೀವು ಎರಡನೆಯದಾಗಿ ಬರೆದ ಶಾಲೆಯಲ್ಲಿ ಕೊಟ್ಟಿದ್ದೇವೆ ಎಂದಿತ್ತು. ಎರಡು ಬಸ್ಸಿನ ಶಾಲೆ. ನನಗೆ ಅಳುವೇ ಬಂತು.

"ಒಂದೇ ಕೂಸು ಅಂದಿದ್ರಿ, ಅತ್ಯಾ."

"ಒಂದೇ ಅದ. ಮೂರನೇ ಮಾಳಗಿ ಮ್ಯಾಲೆ." ಅತ್ಯಾ ಕಾಗದ ಮಡಿಸಿಟ್ಟರು. "ಅದರ ಅರ್ಜಿ ನಾನೇ ತುಂಬಿಸೀನಿ. ತಾಯಿ ಹೊಸದಾಗಿ ಈ ದೇಶಕ್ಕ ಬಂದಾಳ. ಅರ್ಜಿ ಹಾಕಬೇಕು ಅನ್ನೂದೂ ಆಕಿಗೆ ಗೊತ್ತಿರಲಿಲ್ಲ. ತಾರೀಖು ಮುಗೀಲಿಕ್ಕೆ ಬಂದಿತ್ತು."

"ನಮ್ಮ ಸೀಟು ಹೋಗ್ತದ ಅಂತ ತಿಳೀಲಿಲ್ಲೇನ್ರೀ?"

"ಅಲ್ಲಿಂದ ಶಾಲಿಗೆ, ಇಲ್ಲಿಂದ ಶಾಲಿಗೆ ಹೆಜ್ಜಿ ಎಣಿಸಿದ್ದೆ. ಹೋದ್ರ ಹೋಗಬಹುದು ಅಂತ ಗೊತ್ತಿತ್ತು."

"ಮತ್ತ?"

"ಗಣತ್ಯಾಗ ಸಿಕ್ಕ ಕೂಸಿನ ಹೆಸರು ಹಚ್ಚದ ಬರೂದು ನನ್ನ ಕೈಲಿ ಆಗೂದಿಲ್ಲ ನೋಡು. ಪವನಗ ಕರಕೊಂಡು ಹೋಗಲಿಕ್ಕೆ ನಾ ಇದ್ದೀನಿ. ಅದಕ್ಕ ಯಾರಿದ್ರು?"

ನಾನು ಮುಖ ತಿರುಗಿಸಿದೆ. ಅವರು ಮೆಲ್ಲಗೆ ಹೇಳಿದರು: "ಕಾಗದ ಬರೂ ಮೊದಲ, ನಿನ್ನೇನ ಆ ಶಾಲಿಗೆ ಹೋಗಿ ಬಂದೀನಿ. ನಲವತ್ತೆರಡು ನಿಮಿಷ. ಎರಡನೇ ಬಸ್ಸಿನ್ಯಾಗ ಕೂಡ್ಲಿಕ್ಕೆ ಜಾಗಾ ಸಿಗ್ತದ. ಸಿಗ್ನಲ್ ಹತ್ರ ಒಂದೇ ಕಡೆ ಅವನ ಕೈ ಗಟ್ಟಿ ಹಿಡೀಬೇಕು."

ನಿನ್ನೆ ಇಡೀ ದಿನ ಮಳೆ ಹೊಡೆದಿತ್ತು. ಅರವತ್ತೆಂಟು ವರ್ಷದ ಮೊಣಕಾಲು ಅವರವು. ದೇವರಮನೆಯ ಕಡೆ ನೋಡಿ ಕೈ ಮುಗಿದೆ. ಬಚ್ಚಲಲ್ಲಿ ಅವರ ಸೀರೆ ಬಿದ್ದಿತ್ತು, ಅಂಚಿನುದ್ದಕ್ಕೂ ರಸ್ತೆಯ ಕೆಸರು. ಬಕೆಟ್ಟಿಗೆ ಬಿಸಿನೀರು ಬಿಟ್ಟು ಅದನ್ನು ನೆನೆಹಾಕಿದೆ.