ತೊಗಲು ಕಳಚಿದ ಕೊಂಬಿನ ಚುಕ್ಕೆ ಜಿಂಕೆ ಮಹಾಶಯರಿಗೆ

ಮಾನ್ಯರೇ,

ಲ್ಯಾನೊ ಹೊಳೆಯ ದಂಡೆಯ ಓಕ್ ಮರಗಳ ನೆರಳಿನಲ್ಲಿ, ಈ ಜೂನ್ ತಿಂಗಳ ಕೆಂಡದಂಥ ಬಿಸಿಲಿನಲ್ಲೂ, ತಾವೂ ತಮ್ಮ ಬಹುಸಂಖ್ಯೆಯ ಪತ್ನಿಯರೂ ಕ್ಷೇಮವೆಂದು ನಂಬಿ, ಬೇಲಿಯ ಈಚೆಗಿನ ನೆರೆಯವನಾದ ನಾನು ವಿನಯಪೂರ್ವಕ ನಮಸ್ಕಾರಗಳೊಂದಿಗೆ ಈ ದೂರನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಕೃಷಿ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದ ಮೇಷ್ಟರು, ದೂರು ಪತ್ರವೆಂದರೆ ‘ವಿತ್ ಡ್ಯೂ ರೆಸ್ಪೆಕ್ಟ್’ ಎಂದು ಶುರುವಾಗಬೇಕು ಎಂದಿದ್ದರು. ಆಮೇಲೆ ಏನು ಬರೆಯಬೇಕೆಂದೂ ಹೇಳಿರಬೇಕು, ನನಗೆ ಮರೆತಿದೆ. ತಪ್ಪಿದ್ದರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ತಮ್ಮ ಪೂರ್ವಜರು ಇಂಡಿಯಾದಿಂದ ಹಡಗಿನಲ್ಲಿ ಬಂದವರೆಂಬ ಗೌರವಕ್ಕಾಗಿ ಟೆಕ್ಸಸ್ಸಿನ ಕಾನೂನು ತಮಗೆ ವಿಶೇಷ ಮರ್ಯಾದೆ ತೋರಿಸಿದೆ. ನಮ್ಮ ಸ್ವಂತ ಬಿಳಿಬಾಲದ ಜಿಂಕೆಗಳನ್ನು ಚಳಿಗಾಲದಲ್ಲಿ ಮಾತ್ರ ಹೊಡೆಯಬೇಕು. ತಮ್ಮನ್ನಾದರೋ ವರ್ಷದ ಯಾವ ದಿನ ಬೇಕಾದರೂ ಹೊಡೆಯಬಹುದು. ಬೇಸಿಗೆಯಿಡೀ ಬಂದೂಕಿಗೆ ಎಣ್ಣೆ ಒರೆಸುತ್ತ ಹೆಂಡತಿಯರಿಂದ ಬೈಸಿಕೊಳ್ಳುವ ನಮ್ಮೂರ ಗಂಡಸರಿಗೆ ತಾವೇ ಆಸರೆ. ತಮ್ಮ ಮೂಲ ಸ್ಥಳದಲ್ಲಿ ಈ ಕೆಲಸಕ್ಕೆ ಹುಲಿ ಇದೆಯಂತೆ. ಇಲ್ಲಿ ಹುಲಿ ಇಲ್ಲದ ಕಾರಣ ಆ ಹುದ್ದೆಗೆ ನೆಲ್ಡಾ ಕ್ರಾಲಿಕ್ ಅವರು ನನ್ನನ್ನು ನೇಮಿಸಿದರು.

ನೆಲ್ಡಾ ಅವರು ನನ್ನ ಪಕ್ಕದ ತೋಟದವರು. ಅವರ ಯಜಮಾನರು ತೀರಿಕೊಂಡದ್ದು ನನ್ನ ಹೆಂಡತಿ ಅರ್ಲೀನ್ ಹೋದ ಮರುವರ್ಷ. ಹೋದ ಬೇಸಿಗೆಯಲ್ಲಿ ತಾವು ಕೊಂಬು ಉಜ್ಜುವ ನೆಪದಲ್ಲಿ ಅವರ ಪೀಚ್ ಸಸಿಗಳ ತೊಗಟೆಯನ್ನೆಲ್ಲ ಸುಲಿದು ಹಾಕಿದ್ದು ತಮಗೆ ನೆನಪಿರಬಹುದು. ಆ ಕೊಂಬನ್ನು ವರಾಂಡದ ಗೋಡೆಗೆ ಬಡಿದು ಅದಕ್ಕೆ ಟೋಪಿ ನೇತುಹಾಕುವವರೆಗೂ ತನಗೆ ಸಮಾಧಾನವಿಲ್ಲವೆಂದು ಅವರು ಸಾರಿದರು. ಬೇರೆ ಜಿಂಕೆಗೆ ಗುಂಡು ಬೀಳಬಾರದಲ್ಲ, ಹಾಗಾಗಿ ತಾನೂ ಜೊತೆಗೆ ಬಂದು ಕೂರುತ್ತೇನೆಂದರು.

ಹೀಗೆ ಮೇ ತಿಂಗಳಿನಿಂದ ಪ್ರತಿ ಮಂಗಳವಾರ ನಸುಕಿನಲ್ಲಿ ನಾವಿಬ್ಬರೂ ಬೇಟೆಗೆ ಅಡಗಿ ಕೂರುವ ಹಲಗೆಯ ಮರೆಗೂಡಿನಲ್ಲಿ ಮಂಡಿಗೆ ಮಂಡಿ ತಾಗುವಂತೆ ಕೂತು ತಮ್ಮ ದಾರಿ ಕಾದೆವು. ತಮ್ಮ ಬಳಗದ ಗಂಡುಗಳೆಲ್ಲ ಎಲುಬಿನಂತೆ ಹೊಳೆಯುವ ಕೊಂಬು ಹೊತ್ತು ಕೂಗಾಡುತ್ತಿದ್ದರೆ, ತಾವೊಬ್ಬರು ಮಾತ್ರ ಇನ್ನೂ ಮಖಮಲ್ಲಿನಂಥ ಎಳೆ ತೊಗಲು ಹೊದ್ದ ಕೊಂಬಿನಲ್ಲಿ, ಮದುವೆಗೆ ಪೈಜಾಮದಲ್ಲೇ ಬಂದ ನೆಂಟನ ಹಾಗೆ ಓಡಾಡುತ್ತಿದ್ದಿರಿ. ವರ್ಷವರ್ಷ ಮೂಡುವ ಕೊಂಬು ಬಲಿತು ತೊಗಲು ಕಳಚುವ ಮುಂಚೆ ಹೊಡೆದರೆ ಗೋಡೆಯ ಮೇಲೆ ಕೊಳೆಯುತ್ತದೆ. ಮರ್ಯಾದಸ್ಥ ಬೇಟೆಗಾರ ಅದಕ್ಕೆ ಗುರಿಯಿಡುವುದಿಲ್ಲ. ‘ಮುಂದಿನ ವಾರ ನೋಡೋಣ’ ಎಂದುಕೊಂಡು ನಾವು ಅವರ ಕೈಯ, ಹಣ್ಣಿನ ಹೂರಣದ ಕೊಲಾಚಿ ಬನ್ನು ತಿಂದು, ಕಾಫಿ ಕುಡಿದು, ತಮ್ಮ ಮಾಂಸ ಬಿಸಿಲಿಗೆ ಕೆಡಬಾರದೆಂದು ಒಯ್ದ ಐಸಿನ ಪೆಟ್ಟಿಗೆಯಲ್ಲಿ ಕಲ್ಲಂಗಡಿ ತಂಪು ಮಾಡಿಕೊಂಡು ಬರುತ್ತಿದ್ದೆವು. ಹೀಗೆ ಹೋಗುವಾಗ ನಾನು ಶರ್ಟಿಗೆ ಇಸ್ತ್ರಿ ಹಾಕಿದ್ದು ನಿಜ. ಅರ್ಲೀನಳ ತಮ್ಮ ವಾಲ್ಡೊ ಗೇಟಿನ ಹತ್ತಿರ ಮೂಸಿ ನೋಡಿ, “ಏನ್ ಭಾವ, ಜಿಂಕೆ ಬೇಟೆಗೆ ಸೆಂಟ್ ಹಾಕ್ಕೊಂಡ್ ಹೋಗೋರನ್ನ ಇವತ್ತೇ ನೋಡಿದ್ದು. ಜಿಂಕೆಗೆ ಇಷ್ಟ ಆಯ್ತಾ?” ಎಂದದ್ದೂ ನಿಜ.

ಈಗ ದೂರಿನ ಮುಖ್ಯಾಂಶಕ್ಕೆ ಬರುತ್ತೇನೆ. ಮಾನ್ಯರೇ, ತಾವು ಸತ್ತರೆ ನನ್ನ ಮಂಗಳವಾರವೂ ಸಾಯುತ್ತದೆ. ಬೇಟೆ ಮುಗಿದ ಮೇಲೂ ಬಂದು ಮರೆಗೂಡಿನಲ್ಲಿ ಕೂತುಕೊಳ್ಳಿ ಎಂದು ಒಬ್ಬ ಮರ್ಯಾದಸ್ಥ ಹೆಂಗಸನ್ನು ಕರೆಯುವ ಧೈರ್ಯ ನನಗಿಲ್ಲ. ಅದಕ್ಕೆ ಬೇಕಾದ ಇಂಗ್ಲಿಷನ್ನು ಕಾಲೇಜಿನಲ್ಲಿ ಕಲಿಸಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಕಳೆದ ಮಂಗಳವಾರ ತಾವು ಮಾಡಿದ್ದೇನು? ತೊಗಲನ್ನೆಲ್ಲ ಕಳಚಿ, ಕೊಂಬನ್ನು ಬೆಳ್ಳಿ ಚಮಚೆಯಂತೆ ಉಜ್ಜಿ, ಕಲ್ಲೆಸೆದರೆ ತಾಗುವಷ್ಟು ಹತ್ತಿರ ಬಂದು, ಫೋಟೊಗೆ ನಿಂತ ಮದುಮಗನ ಹಾಗೆ ಪಕ್ಕೆ ತೋರಿಸಿ ನಿಂತಿರಿ. ಅಷ್ಟು ಸಾಲದೆಂದು ಕೂಗಿದಿರಿ ಬೇರೆ. ಅಂಥ ಸಮಯಪ್ರಜ್ಞೆಯನ್ನು ನಾನು ತೆರಿಗೆ ಇಲಾಖೆಯಲ್ಲೂ ಕಂಡಿಲ್ಲ.

ನಾನು ಬಂದೂಕು ಎತ್ತಲೇಬೇಕಾಯಿತು. ಗುರಿ ಹಿಡಿಯಲು ತಡಮಾಡಿದೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿಕೊಳ್ಳಿ. ನೆಲ್ಡಾ ಅವರು ದುರ್ಬೀನನ್ನು ಕಣ್ಣಿಗಿಟ್ಟು ತಮ್ಮ ಕೊಂಬನ್ನು ಬುಡದಿಂದ ತುದಿಯವರೆಗೆ ಬಹಳ ಹೊತ್ತು ನೋಡಿದರು. ಆಮೇಲೆ ದುರ್ಬೀನು ಇಳಿಸಿ, ನನ್ನ ಮುಖ ನೋಡದೆ, ಬನ್ನಿನ ಡಬ್ಬಿಯ ಮುಚ್ಚಳ ತೆಗೆಯುತ್ತ ಹೇಳಿದರು: “ತೊಗಲು ಇನ್ನೂ ಪೂರ್ತಿ ಹೋಗಿಲ್ಲ ಹಿಲ್ಮರ್. ಮುಂದಿನ ವಾರ ನೋಡೋಣ ಬಿಡಿ.”

ನಾನು ಮತ್ತೆ ನೋಡಿದೆ. ತಮ್ಮ ಕೊಂಬಿನ ಮೇಲೆ ತೊಗಲಿನ ಒಂದು ಎಳೆಯೂ ಇರಲಿಲ್ಲ. “ಹೌದು, ಇನ್ನೂ ಇದೆ” ಎಂದು ಬಂದೂಕು ಕೆಳಗಿಟ್ಟೆ.

ಆದಕಾರಣ ತಮ್ಮಲ್ಲಿ ಅರಿಕೆ: ಇನ್ನು ಮುಂದೆ ಮಂಗಳವಾರಗಳಂದು ತಾವು ದಯವಿಟ್ಟು ದೂರದಲ್ಲಿ, ಪೊದೆಯ ಹಿಂದೆ, ಅನುಮಾನಕ್ಕೆ ಎಡೆಯಾಗುವಂತೆ ನಿಲ್ಲತಕ್ಕದ್ದು. ಬೇಲಿಯ ಕಂಬಕ್ಕೆ ನನ್ನ ಹಳೆಯ ಉಣ್ಣೆಯ ಕಾಲುಚೀಲಗಳನ್ನು ನೇತುಹಾಕಿದ್ದೇನೆ. ಕೊಂಬಿನ ಪ್ರತಿ ಕವಲಿಗೂ ಒಂದೊಂದು ತೊಟ್ಟು ಬಂದರೆ ನಮ್ಮಿಬ್ಬರ ಮಾತಿಗೂ ಸಾಕ್ಷಿ ಒದಗಿಸಿದಂತಾಗುತ್ತದೆ. ಪ್ರತಿಯಾಗಿ ನಾನು ಪೀಚ್ ಸಸಿಗಳಿಗೆ ತಂತಿ ಸುತ್ತಿಕೊಡುವೆನು, ಸಾವಕಾಶವಾಗಿ, ವಾರಕ್ಕೆ ಒಂದರಂತೆ.

ಇಂತಿ, ಬಂದೂಕಿದ್ದೂ ತಮ್ಮ ವಿಶ್ವಾಸಿ,
ಹಿಲ್ಮರ್ ಎಕ್‌ಹಾರ್ಟ್

ಮರೆತ ಮಾತು: ನೆಲ್ಡಾ ಅವರು ಪ್ರಾಯದಲ್ಲಿ ಜಿಲ್ಲೆಯ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಗಂಡಸರನ್ನೆಲ್ಲ ಸೋಲಿಸಿ ಪದಕ ಗೆಲ್ಲುತ್ತಿದ್ದರೆಂದು ವಾಲ್ಡೊ ನಿನ್ನೆ ಹೇಳಿದ. ಅವರು ಮನಸ್ಸು ಮಾಡಿದ್ದರೆ ತಾವು ಎಂದೋ ಸಾಸೇಜು ಆಗಿರುತ್ತಿದ್ದಿರಿ. ತಾವು ಇನ್ನೂ ಮೇಯುತ್ತಿರುವುದು ತಮ್ಮ ಜಾಣತನದಿಂದ ಎಂಬ ಜಂಬ ಬೇಡ.