ಗೋಕಟ್ಟೆಯ ನಡುಗಡ್ಡೆಯು ಪ್ರತಿ ಸಂಜೆ ಮನೆಗೆ ಹೋಗುತ್ತಿರುವ ಬಗ್ಗೆ

ಸಂಬಂಧಪಟ್ಟ ಇಲಾಖೆ, ಶಿರಾ
ಸಂಖ್ಯೆ: ಸಂಇ/ಗೋಕ/ನಡು/07

ಸುತ್ತೋಲೆ

ವಿಷಯ: ತಾವರೆಕೆರೆ ಹೋಬಳಿ, ಹೊನ್ನೆಹಟ್ಟಿ ಗೋಕಟ್ಟೆಯ ಜೀವವೈವಿಧ್ಯ ಸಂರಕ್ಷಣೆ.

ಉಲ್ಲೇಖ: 1. ಡ್ರೋನ್ ಛಾಯಾಚಿತ್ರ.
2. ಶ್ರೀಮತಿ ಚಿಕ್ಕಹನುಮಕ್ಕ ಅವರ ಹೇಳಿಕೆ (ಬೈಗುಳ ಹೊರತುಪಡಿಸಿ).

ಉಲ್ಲೇಖ 1ರಲ್ಲಿ ಕಟ್ಟೆಯ ನಡುವೆ ಕಪ್ಪು ನಡುಗಡ್ಡೆಯೂ ಅದರ ಮೇಲೆ ಬೆಳ್ಳಕ್ಕಿಗಳೂ ಕಂಡುಬಂದ ಕಾರಣ ಸದರಿ ಕಟ್ಟೆಯನ್ನು ಸಂರಕ್ಷಿತ ತಾಣವೆಂದು ಘೋಷಿಸಿ, ಅದನ್ನು ಮುಚ್ಚಿ ಗೋದಾಮು ಕಟ್ಟುವ ಪ್ರಸ್ತಾವನೆಯನ್ನು ಕೈಬಿಡಲಾಗಿತ್ತು. ಆದರೆ ಕ್ಷೇತ್ರ ಸಹಾಯಕ ತಿಪ್ಪೇಶ್ ಸಂಜೆ ತಪಾಸಣೆಗೆ ಹೋದಾಗ ನಡುಗಡ್ಡೆ ನಾಪತ್ತೆಯಾಗಿತ್ತು. ಹುಡುಕಲಾಗಿ, ಚಿಕ್ಕಹನುಮಕ್ಕನವರ ಕೊಟ್ಟಿಗೆಯಲ್ಲಿ ಹುಲ್ಲು ಮೇಯುತ್ತಿತ್ತು.

ಅವರ ಹೇಳಿಕೆ: "ನಡುಗಡ್ಡೆ ಅಲ್ಲ ಕಣಪ್ಪ, ನಮ್ಮೆಮ್ಮೆ! ಕಟ್ಟೆ ಮುಚ್ಬುಟ್ರೆ ಈ ಬ್ಯಾಸಿಗೇಲಿ ಇದ್ನ ಎಲ್ಲಿಗ್ ಹೊಡ್ಕೊಂಡ್ ಹೋಗ್ಲಿ?"

ಹೇಳಿಕೆಯ ಮೊದಲ ಭಾಗವನ್ನು ಒಪ್ಪಿದರೆ, ನಿಯಮದ ಪ್ರಕಾರ ನಡುಗಡ್ಡೆಯಿಲ್ಲದ ಕಟ್ಟೆ ಬರೀ ಗುಂಡಿಯಾಗುತ್ತದೆ, ಗುಂಡಿಯನ್ನು ಮುಚ್ಚಬಹುದಾಗಿರುತ್ತದೆ. ಆಗ ಎರಡನೇ ಭಾಗದಲ್ಲಿ ಕೇಳಿರುವ ಜಾಗವನ್ನು ಇಲಾಖೆಯೇ ಹುಡುಕಿಕೊಡಬೇಕಾಗುತ್ತದೆ. ಕಪ್ಪೆ, ಏಡಿ, ನೀರುಕೋಳಿಗಳಿಗೂ ಬೇರೆ ನೀರು ತೋರಿಸಬೇಕಾಗುತ್ತದೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ನಡುಗಡ್ಡೆಯು ಕಚೇರಿ ವೇಳೆಯಲ್ಲಿ ನೀರಿನಲ್ಲೇ ಇರತಕ್ಕದ್ದು. ಹಾಲು ಕರೆಯುವ ಹೊತ್ತಿಗೆ ಮನೆಗೆ ಹೋಗಲು ಅನುಮತಿಸಲಾಗಿದೆ.

2. ನಡುಗಡ್ಡೆ ಬಾಲ ಬೀಸಿದಲ್ಲಿ ಜೊಂಡು ಗಾಳಿಗೆ ಅಲುಗಿತೆಂದು ದಾಖಲಿಸತಕ್ಕದ್ದು. ಕೂಗಿದಲ್ಲಿ ತಿಪ್ಪೇಶ್ ಕೆಮ್ಮತಕ್ಕದ್ದು.

3. ಬೆಳ್ಳಕ್ಕಿಗಳು ನಡುಗಡ್ಡೆಯ ಹಿಂದೆ ಕೊಟ್ಟಿಗೆಯವರೆಗೆ ಹೋಗಕೂಡದು. ಹೋದಲ್ಲಿ ವಲಸೆ ಹಕ್ಕಿಗಳೆಂದು ಪರಿಗಣಿಸಲಾಗುವುದು.

4. ನಡುಗಡ್ಡೆ ಕರು ಹಾಕಿದಲ್ಲಿ ಕಟ್ಟೆಯನ್ನು ದ್ವೀಪಸಮೂಹವಾಗಿ ಮೇಲ್ದರ್ಜೆಗೇರಿಸಲಾಗುವುದು. ಗಿಣ್ಣನ್ನು ಕಚೇರಿಗೆ ಕಳುಹಿಸುವಂತೆ ಯಾವುದೇ ಒತ್ತಡವಿರುವುದಿಲ್ಲ.

5. ಸದರಿ ಎಮ್ಮೆಯನ್ನು ದಯವಿಟ್ಟು ಮಾರಬಾರದೆಂದು ಚಿಕ್ಕಹನುಮಕ್ಕನವರನ್ನು ಕೋರಲಾಗಿದೆ.

ತಿದ್ದುಪಡಿ: ಕಂಡಿಕೆ 5ರಲ್ಲಿ "ಎಮ್ಮೆ" ಎಂಬುದನ್ನು "ನಡುಗಡ್ಡೆ" ಎಂದು ಓದಿಕೊಳ್ಳತಕ್ಕದ್ದು.

ಸಹಿ ಮಾಡಿರುವವರು ಬಾಲ್ಯದಲ್ಲಿ ಇದೇ ಕಟ್ಟೆಯಲ್ಲಿ, ಇದೇ ಬಗೆಯ ನಡುಗಡ್ಡೆಯೊಂದರ ಬಾಲ ಹಿಡಿದು ಈಜು ಕಲಿತಿರುತ್ತಾರೆ. ಆ ಸಂಗತಿಗೂ ಈ ಆದೇಶಕ್ಕೂ ಯಾವುದೇ ಸಂಬಂಧವಿರುವುದಿಲ್ಲ.

ಸಹಿ/-
(ನಂದೀಶ್ವರಯ್ಯ)
ಪ್ರಭಾರ ಅಧಿಕಾರಿ, ಸಣ್ಣ ನೀರು ವಿಭಾಗ

ಪ್ರತಿಗಳು:
1. ಶ್ರೀಮತಿ ಚಿಕ್ಕಹನುಮಕ್ಕ ಅವರಿಗೆ, ಬೈಯದೆ ಪಾಲಿಸಲು.
2. ತಿಪ್ಪೇಶ್ ಅವರಿಗೆ, ಇನ್ನು ಮುಂದೆ ತಪಾಸಣೆಗೆ ಮಧ್ಯಾಹ್ನವೇ ಹೋಗಲು.
3. ಗೋದಾಮು ಶಾಖೆಗೆ, ಬೇರೆ ಗುಂಡಿ ನೋಡಿಕೊಳ್ಳಲು.
4. ನಡುಗಡ್ಡೆಗೆ, ಓದಿ ಹೇಳತಕ್ಕದ್ದು, ಬಾಯಿಗೆಟುಕುವಂತೆ ಇಡಕೂಡದು. ಹಿಂದಿನ ಸುತ್ತೋಲೆಯನ್ನು ಅದು ತಿಂದಿದ್ದು, ಅದನ್ನೇ ಸ್ವೀಕೃತಿ ಎಂದು ಪರಿಗಣಿಸಲಾಗಿದೆ.