ಮಾಜಿ ಶಾಸಕರ ನಿದ್ದೆ

ಮಾಜಿ ಶಾಸಕರು ಬೆಳಗಿನ ಕಾಫಿ ಬಾಯಿಗಿಡುವುದಕ್ಕೂ, ಟೀವಿಯಲ್ಲಿ ಯಾರೋ "ಮಾನ್ಯ ಅಧ್ಯಕ್ಷರೇ" ಅನ್ನುವುದಕ್ಕೂ ಸರಿಹೋಯಿತು. ಅಷ್ಟೇ. ಕತ್ತು ವಾಲಿತು, ಮೂಗು ಲೋಟಕ್ಕಿಳಿಯಿತು, ಗೊರಕೆಗೆ ಕಾಫಿಯಲ್ಲಿ ಗುಳ್ಳೆಗಳೆದ್ದವು.

"ರೀ! ಏಳ್ರೀ!" ಹೆಂಡತಿ ಓಡಿಬಂದು ಟೀವಿ ಆರಿಸಿದಳು. "ಇವತ್ತೊಂದು ದಿನನಾದ್ರೂ ಎಚ್ಚರ ಇರಬಾರ್ದಾ?"

ಪಾಪ, ಅವರ ತಪ್ಪಲ್ಲ. ಶಾಸಕರಾಗಿದ್ದ ಐದು ವರ್ಷ ಸದನದಲ್ಲಿ ಪ್ರತಿ ಭಾಷಣವೂ ಆ ಎರಡು ಮಾತಿನಿಂದಲೇ ಶುರುವಾಗುತ್ತಿತ್ತು. ಇವರ ನಿದ್ದೆಯೂ ಅಲ್ಲಿಂದಲೇ. ಬರಬರುತ್ತ ಕಿವಿ ಹೇಳಿದ್ದನ್ನು ಕಣ್ಣು ಕೇಳತೊಡಗಿತು. ಬಾಯಿ ತೆರೆದು ಮಲಗಿದ್ದ ವಿಡಿಯೋ ಮನೆಮನೆ ಮುಟ್ಟಿತು. ಎದುರಾಳಿ ತಲೆಯ ಮೇಲೆ ದಿಂಬು ಹೊತ್ತು ಪ್ರಚಾರ ಮಾಡಿ ಗೆದ್ದುಬಿಟ್ಟ. ಅಂದಿನಿಂದ ಬೀದಿಗೆಲ್ಲ ಇವರು ಬರೀ 'ಮಾಜಿ'.

ಇವತ್ತು ಪಕ್ಷದ ಅಧ್ಯಕ್ಷರು ಬರುತ್ತಿದ್ದರು. ಭಾಷಣ ಮುಗಿದ ಮೇಲೆ ಟಿಕೆಟ್ ಯಾರಿಗೆಂದು ಅಲ್ಲೇ ಘೋಷಣೆ. ಮಾಜಿಗೆ ಕೊಟ್ಟಿದ್ದು ಮುಂದಿನ ಸಾಲಿನ ಕುರ್ಚಿ, ಅಧ್ಯಕ್ಷರ ಕಣ್ಣಿಗೆ ನೇರ. ಅಲ್ಲಿ ಗೊರಕೆ ಹೊಡೆದರೆ ಕತೆ ಮುಗಿದಂತೆ.

ಸುದ್ದಿ ತಿಳಿದ ನೆರೆಹೊರೆ ಸುಮ್ಮನಿರುತ್ತದೆಯೇ? ಎದುರುಮನೆ ಟೈಲರ್ ಬಂದವನೇ ಮಾಜಿಯ ಕಾಲರಿನೊಳಗೆ ಎರಡೂ ಕಡೆ ಗುಂಡುಪಿನ್ನು ನಿಲ್ಲಿಸಿದ.

"ಈ ಕಡೆ ವಾಲಿದ್ರೂ ಚುಚ್ಚುತ್ತೆ, ಆ ಕಡೆ ವಾಲಿದ್ರೂ ಚುಚ್ಚುತ್ತೆ. ಗಡಿ ಕಾಯೋ ಸೈನಿಕ ಇದ್ದಂಗೆ ಸಾಹೇಬ್ರೇ!"

ಪಕ್ಕದ ಮನೆ ಕಾಂಪೌಂಡರ್ ತಲೆನೋವಿನ ಮುಲಾಮು ತಂದು ಕಣ್ಣ ಕೆಳಗೆ ಗೋಡೆಗೆ ಸುಣ್ಣ ಬಳಿದಂತೆ ಬಳಿದ.

"ಉರೀತದಯ್ಯಾ!"

"ಉರೀಲಿ ಅಂತಲೇ ಹಚ್ಚಿದ್ದು ಸಾರ್!"

ಇಷ್ಟರಲ್ಲಿ ಭಾಮೈದನ ಎಂಟ್ರಿ. ಕೂಲಿಂಗ್ ಗ್ಲಾಸು, ಎದೆಯವರೆಗೂ ಬಿಚ್ಚಿದ ಗುಂಡಿ. ಹಿನ್ನೆಲೆ ಸಂಗೀತ ಒಂದೇ ಬಾಕಿ. "ಭಾವ, ಪಕ್ಕದಲ್ಲಿ ನಾನಿರ್ತೀನಿ. ಕಣ್ಣು ಮುಚ್ಚಿದ್ರೆ ಚಿವುಟ್ತೀನಿ. ನನ್ನ ದಾಟಿ ನಿಮ್ಮ ಹತ್ರ ಬರೋಕೆ ಆ ನಿದ್ದೆಗೆ ಎರಡು ಗುಂಡಿಗೆ ಇರ್ಬೇಕು!"

"ಲೋ, ನೀನು ಮಲಗ್ಬೇಡ," ಅಂದಳು ಅಕ್ಕ. ಬಾಳಿನಲ್ಲಿ ಅವನಿಗೆ ಸಿಕ್ಕ ಮೊದಲ ಕೆಲಸ ಅದು.

ಸಭಾಂಗಣದಲ್ಲಿ ಸ್ವಾಗತ ಮಾಡುವವನು ಮೈಕು ಹಿಡಿದ. "ಮಾನ್ಯ ಅಧ್ಯಕ್ಷರೇ..."

ಮಾಜಿಯ ಕತ್ತು ಎಡಕ್ಕೆ ವಾಲಿತು. ಪಿನ್ನು ತನ್ನ ಕರ್ತವ್ಯ ಮಾಡಿತು.

"ಅಯ್ಯೋ!"

ಸಭೆಯೆಲ್ಲ ತಿರುಗಿ ನೋಡಿತು. ಮಾಜಿ ಕೈ ಮುಗಿದು ನಕ್ಕರು. ಆಮೇಲೆ ಅಧ್ಯಕ್ಷರ ಭಾಷಣ ಹೊರಟಿತು, ಬ್ರೇಕಿಲ್ಲದ ಗೂಡ್ಸ್ ಗಾಡಿಯಂತೆ. "ಕೊನೇ ಉಸಿರಿರೋವರೆಗೂ ಈ ಕುರ್ಚಿಯಲ್ಲಿ ಕೂತು ನಿಮ್ಮ ಸೇವೆ ಮಾಡ್ತೀನಿ!" ಅಂದದ್ದಕ್ಕೂ ಮಾಜಿ ಬಲಕ್ಕೆ ವಾಲಿದ್ದಕ್ಕೂ ಸರಿಹೋಯಿತು.

"ಅಯ್ಯಯ್ಯೋ!"

ಚಪ್ಪಾಳೆ ಬಿತ್ತು. ಮುಲಾಮಿನ ದಯೆಯಿಂದ ಕಣ್ಣೀರು ಧಾರೆಧಾರೆ. "ನೋಡ್ರಪ್ಪಾ, ಏನು ನಿಷ್ಠೆ!" ಅಂದರು ಹಿಂದಿನ ಸಾಲಿನವರು. ಹಾಗೆ ಅಂದವರೂ ಸ್ವಲ್ಪ ಹೊತ್ತಿಗೆ ತೂಕಡಿಸಿದರು. ನೋಡನೋಡುತ್ತ ಇಡೀ ಸಭಾಂಗಣ ಮಲಗಿತು. ಭಾಮೈದನಂತೂ ಚಿವುಟಲು ಎತ್ತಿದ ಬೆರಳು ಎತ್ತಿದಂತೆಯೇ ಭಾವನ ಹೆಗಲ ಮೇಲೆ ಒರಗಿ, ಹಾಲು ಕುಡಿದ ಮಗುವಿನ ಹಾಗೆ ನಿದ್ದೆಹೋಗಿದ್ದ. ಎಚ್ಚರವಿದ್ದ ಜೀವ ಒಂದೇ, ಮಾಜಿ!

ಭಾಷಣ ಮುಗಿಸಿದ ಅಧ್ಯಕ್ಷರು ನೇರ ಅವರ ಬಳಿಗೇ ಇಳಿದು ಬಂದರು.

"ಪೂರ್ತಿ ಕೇಳಿದ್ರಾ?"

ಮಾಜಿ ಎದೆ ಸೆಟೆಸಿದರು. "ಒಂದಕ್ಷರ ಬಿಟ್ಟಿಲ್ಲ ಸಾರ್! ನೀರು, ರಸ್ತೆ, ಮನೆಗೊಂದು ಕೆಲಸ... ಎಲ್ಲಾ ಬಾಯಿಪಾಠ. ಯಾವಾಗ ಕೊಡ್ತೀರಿ ಅನ್ನೋದೊಂದೇ ನೀವು ಹೇಳ್ಲಿಲ್ಲ ನೋಡಿ."

ಅಧ್ಯಕ್ಷರ ನಗು ಕರೆಂಟು ಹೋದಂತೆ ಹೋಯಿತು. ಕಿವಿಯ ಬಳಿ ಬಾಗಿ ಪಿಸುಗುಟ್ಟಿದರು: "ಏನ್ರೀ ಇದು? ಐದು ವರ್ಷ ನಿಮ್ಮ ಬಾಯಿಂದ ಒಂದು ಪ್ರಶ್ನೆ ಬಂದಿರ್ಲಿಲ್ಲ. ನಿಮ್ಮಂಥ ಬಂಗಾರದ ಮನುಷ್ಯ ಇನ್ನೊಬ್ಬ ಸಿಗಲ್ಲ ಅಂತ ಟಿಕೆಟ್ ನಿಮಗೇ ಇಟ್ಕೊಂಡು ಬಂದಿದ್ದೆ. ಈಗ ನೋಡಿದ್ರೆ ಪೂರ್ತಿ ಕೆಟ್ಟುಹೋಗಿದ್ದೀರಲ್ಲ!"

"ಸಾರ್, ಅದು ಪಿನ್ನು... ಮುಲಾಮು..."

"ನಿಮ್ಮ ಹೆಗಲಿಗೆ ಒರಗಿರೋರು ಯಾರು?"

"ನನ್ನ ಭಾಮೈದ ಸಾರ್."

"ಆಹಾ, ಎಂಥಾ ಶಿಸ್ತು! ಶುರುವಿನಿಂದ ಒಂದೇ ಭಂಗಿ!"

ಕಣ್ಣು ಪೂರ್ತಿ ಬಿಡುವ ಮುಂಚೆಯೇ ಭಾಮೈದನ ಹೆಗಲಿಗೆ ಪಕ್ಷದ ಶಾಲು ಬಿತ್ತು, ಹೆಸರಿಗೆ ಟಿಕೆಟ್ ಬಿತ್ತು, ಕೈಗೆ ಮೈಕು ಬಂತು. ಕೆಳಗೆ ಮಾಜಿ ಕಾಲರಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಹಿಂದಿನ ಸಾಲಿನಿಂದ ಕಣ್ಣುಜ್ಜುತ್ತ ಬಂದ ಟೈಲರನ ಕೈಗಿಟ್ಟರು. "ತಗೋಳಪ್ಪಾ. ಇನ್ನು ಗಡಿಯಲ್ಲಿ ಕಾಯೋಕೆ ಏನೂ ಉಳಿದಿಲ್ಲ."

ವೇದಿಕೆಯ ಮೇಲೆ ಭಾಮೈದ ಕೂಲಿಂಗ್ ಗ್ಲಾಸು ಏರಿಸಿ, ಗಂಟಲು ಸರಿಮಾಡಿಕೊಂಡ.

"ಮಾನ್ಯ ಅಧ್ಯಕ್ಷರೇ..."

ಮಾಜಿಯ ತಲೆ ಟೈಲರನ ಹೆಗಲಿಗೆ ದೊಪ್ಪನೆ ಬಿತ್ತು. ಗೊರಕೆ ಮೈಕನ್ನೂ ಮೀರಿಸಿ ಸಭಾಂಗಣ ತುಂಬಿತು.

ಅಧ್ಯಕ್ಷರು ಅವರನ್ನು ನೋಡಿ ಹಣೆ ಚಚ್ಚಿಕೊಂಡರು.

"ಛೇ! ಇದನ್ನೇ ಒಂಚೂರು ಮೊದಲು ಮಾಡೋಕೆ ಏನಾಗಿತ್ತು ಈ ಮನುಷ್ಯನಿಗೆ!"